ಕಲ್ಲು ಆರಿಸುವ ಹೂಗಳು

ಮುರ್ಡೇಶ್ವರಕ್ಕೆ ಬಂದವರೆಲ್ಲ ಕಡಲಿಗೆ ಮುಖ ಮಾಡಿ ನಿಲ್ಲುತ್ತಾರೆ. ಕಂದುಕಗಿರಿಯ ಮೇಲೆ 123 ಅಡಿಯ ಶಿವ, ಬುಡದಲ್ಲಿ ಮುಗಿಲೆತ್ತರದ ಗೋಪುರ, ಮೂರು ಕಡೆಗೂ ನೀರು. ನೋಡುವುದಕ್ಕೆ ಇಷ್ಟು ಇರುವಾಗ ಬೆನ್ನ ಹಿಂದಿನ ಗುಡ್ಡದ ಕಡೆ ತಿರುಗುವವರು ಯಾರು? ಮುರ್ಡೇಶ್ವರ ಸೇರಿರುವುದು ಭಟ್ಕಳ ತಾಲ್ಲೂಕಿನ ಮಾವಳ್ಳಿಗೆ. ಇಲ್ಲಿ ಹೆದ್ದಾರಿ ದಾಟಿ ಮೂಡಣಕ್ಕೆ ಹೋದರೆ ತೆಂಗು ಮತ್ತು ಗದ್ದೆಗಳು ಹಿಂದೆ ಬೀಳುತ್ತವೆ, ಕೆಂಪು ದಿಬ್ಬಗಳು ಶುರುವಾಗುತ್ತವೆ. ಒಳಗೆ ಚಿರೆಕಲ್ಲು, ಮೇಲೆ ಸುಟ್ಟಂತೆ ಕಪ್ಪಗಾದ ಪರೆ. ಶಿರಾಲಿಯಿಂದ ಬೈಲೂರು, ಮಂಕಿ ದಾಟಿ ಹೊನ್ನಾವರದ ಅಪ್ಸರಕೊಂಡದವರೆಗೆ, ಅಲ್ಲಿಂದ ಕುಮಟೆಯ ಆಚೆಗೂ ಇಂಥ ಬೋಳು ನೆತ್ತಿಯ ದಿಬ್ಬಗಳು ಕರಾವಳಿಯುದ್ದಕ್ಕೂ ಚೆದುರಿವೆ. ಹುಲ್ಲು ಬರುವಷ್ಟು ಮಣ್ಣಿದ್ದ ಕಡೆ ಊರವರು ಬೇಣ ಎನ್ನುತ್ತಾರೆ, ದನ ಬಿಡುತ್ತಾರೆ, ಕರಡ ಕೊಯ್ಯುತ್ತಾರೆ. ಮಣ್ಣೇ ಇಲ್ಲದ ಕಡೆ ಅದು ಬರೀ ಅರೆ. ಕಂದಾಯದ ಕಡತದಲ್ಲಿ ಇಂಥ ನೆಲಕ್ಕೆ ಸಿಗುವ ಹೆಸರು ಖರಾಬು.

ಡಿಸೆಂಬರಿನಿಂದ ಮೇವರೆಗೆ ಈ ಅರೆಯ ಮೇಲೆ ನಿಂತರೆ ಆ ಹೆಸರು ಸುಳ್ಳೆನಿಸುವುದಿಲ್ಲ. ಸುಮಾರು ಆರು ತಿಂಗಳು ಮಳೆಯ ಸುಳಿವಿಲ್ಲ. ಚಿರೆಕಲ್ಲು ತೂತುತೂತಾದ ಕಲ್ಲಾದ್ದರಿಂದ ಬಿದ್ದ ನೀರೆಲ್ಲ ಎಂದೋ ಒಳಗಿಳಿದು ಹೋಗಿರುತ್ತದೆ. ನಡು ಮಧ್ಯಾಹ್ನ ಬರಿಗಾಲಲ್ಲಿ ಹೆಜ್ಜೆ ಇಡಲಾಗದು. ಮಣ್ಣು ಒಂದೆರಡು ಬೆರಳಿನಷ್ಟು ದಪ್ಪ, ಅದೂ ಅಲ್ಲಲ್ಲಿ. ಗಿಡದ ಕಣ್ಣಿನಿಂದ ನೋಡಿದರೆ ಇದು ಮರುಭೂಮಿಯೇ. ಜೂನ್ ಬಂದ ಮೇಲೆ ಅದೇ ಅರೆಯ ಮೇಲೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಕೆಲವು ವಾರಗಳಲ್ಲೇ ನೀಲಿ, ಬಿಳಿ, ಹಳದಿ, ನಸುಗೆಂಪು ಹೂಗಳು ನೆಲಕ್ಕೆ ಅಂಟಿಕೊಂಡಂತೆ ಏಳುತ್ತವೆ. ಎಷ್ಟು ಚಿಕ್ಕವೆಂದರೆ ನಿಂತವರ ಕಣ್ಣಿಗೆ ಅದು ಹೂವೆಂದು ತಿಳಿಯುವುದಿಲ್ಲ, ನೆಲಕ್ಕೇ ಬಣ್ಣ ಬಂದಿದೆ ಎನಿಸುತ್ತದೆ. ಇವುಗಳನ್ನು ಗುರುತಿಸಲು ಕಲಿಯುವುದು ಹೇಗೆ? ನನ್ನ ಉತ್ತರ ಇಷ್ಟೇ. ಮೊದಲು ಕಲ್ಲನ್ನು ಓದಬೇಕು, ಆಮೇಲೆ ನೀರನ್ನು. ಹೂವಿನ ಸರದಿ ಮೂರನೆಯದು.

ಗಿಡವನ್ನು ಕಲ್ಲು ಆರಿಸುತ್ತದೆ ಎನ್ನುವುದಕ್ಕೆ ಜಗತ್ತಿನಲ್ಲಿ ಸಿಗುವ ಅತಿ ನಿಚ್ಚಳ ಉದಾಹರಣೆ ಜಿಪ್ಸಮ್ ನೆಲಗಳು. ಅಮೆರಿಕದ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಮರಳೆಂದು ಕಾಣುವ ಬೆಳ್ಳನೆ ದಿಬ್ಬಗಳೆಲ್ಲ ಜಿಪ್ಸಮ್. ಅಲ್ಲಿಂದ ಮೆಕ್ಸಿಕೋದವರೆಗೆ ಹಬ್ಬಿದ ಚಿಹುವಾಹುವಾ ಮರುಭೂಮಿಯಲ್ಲೂ ಸ್ಪೇನಿನ ಒಣ ಬೆಟ್ಟಗಳಲ್ಲೂ ಜಿಪ್ಸಮ್ ಬಿಟ್ಟು ಬೇರೆಡೆ ಬೇರೂರದ ಪುಟ್ಟ ಗಿಡಗಳಿವೆ. ಕ್ಯಾಲ್ಸಿಯಂ ಮತ್ತು ಗಂಧಕ ಮಿತಿಮೀರಿದ ಆ ನೆಲದಲ್ಲಿ ಉಳಿದವು ಸೊರಗುತ್ತವೆ, ಇವು ಅರಳುತ್ತವೆ. ಜಿಪ್ಸಮ್ಮಿನ ತೂಕದಲ್ಲಿ ಐದನೇ ಒಂದು ಪಾಲು ಹರಳಿನೊಳಗೆ ಸೆರೆಸಿಕ್ಕ ನೀರು. ಹೀಲಿಯಾಂಥಿಮಮ್ ಸ್ಕ್ವಾಮಾಟಮ್ ಎಂಬ ಹಳದಿ ಹೂವಿನ ಕುರುಚಲು ಗಿಡ ಕಡು ಬೇಸಿಗೆಯಲ್ಲಿ ಆ ಹರಳಿನ ನೀರನ್ನೇ ಬಳಸಿಕೊಳ್ಳುತ್ತದೆ ಎಂದು ಸ್ಪೇನಿನ ವಿಜ್ಞಾನಿಗಳು 2014ರಲ್ಲಿ ತೋರಿಸಿಕೊಟ್ಟರು. ಕಲ್ಲು ಕುಡಿದು ಬದುಕುವ ಹೂವು! ಅಂಥ ಕಡೆ ಸಸ್ಯತಜ್ಞರು ಗಿಡದ ಹೆಸರು ಹುಡುಕುವ ಮೊದಲು ಬಗ್ಗಿ ಮಣ್ಣು ನೋಡುತ್ತಾರೆ. ನೆಲ ಜಿಪ್ಸಮ್ಮೋ ಸುಣ್ಣಕಲ್ಲೋ ಎಂದು ಗೊತ್ತಾದರೆ ಅರ್ಧ ಪಟ್ಟಿ ಅಲ್ಲೇ ಕಳಚುತ್ತದೆ.

ನಮ್ಮ ದೇಶದಲ್ಲಿ ಜಿಪ್ಸಮ್ ಎಂದರೆ ರಾಜಸ್ಥಾನದ ನಾಗೌರ್ ಮತ್ತು ಬಿಕಾನೇರ್ ಕಡೆ. ಮಾವಳ್ಳಿಯಲ್ಲಿ ಅದು ಯಾಕಿಲ್ಲ ಎನ್ನುವುದನ್ನು ಒಂದು ಸಣ್ಣ ಲೆಕ್ಕವೇ ಹೇಳುತ್ತದೆ. ಒಂದು ಲೀಟರ್ ನೀರಿನಲ್ಲಿ ಎರಡು ಗ್ರಾಮಿಗಿಂತ ತುಸು ಹೆಚ್ಚು ಜಿಪ್ಸಮ್ ಕರಗುತ್ತದೆ. ನಮ್ಮಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ವರ್ಷಕ್ಕೆ ಬೀಳುವುದು 3,000 ಲೀಟರಿಗೂ ಹೆಚ್ಚು ಮಳೆ. ಅಷ್ಟೂ ನೀರು ತನ್ನ ಪಾಲು ಕರಗಿಸಿಕೊಂಡರೆ ವರ್ಷಕ್ಕೆ ಆರೇಳು ಕಿಲೋ ಹೋಯಿತು, ಅಂದರೆ ಸುಮಾರು ಮೂರು ಮಿಲಿಮೀಟರ್ ದಪ್ಪ. ಜಿಪ್ಸಮ್ಮಿನ ಗುಡ್ಡವೊಂದು ಇಲ್ಲಿ ಇದ್ದಿದ್ದರೂ ಎಂದೋ ಸಮುದ್ರ ಸೇರಿರುತ್ತಿತ್ತು. ಸುಣ್ಣಕಲ್ಲು ಇದಕ್ಕಿಂತ ಗಟ್ಟಿ. ಕುಮಟಾ ತಾಲ್ಲೂಕಿನ ಯಾಣದಲ್ಲಿ ಕಾಡಿನ ನಡುವೆ ಎದ್ದುನಿಂತ ಭೈರವೇಶ್ವರ ಶಿಖರ ಮತ್ತು ಮೋಹಿನಿ ಶಿಖರ ಸುಣ್ಣಕಲ್ಲಿನ ಬಂಡೆಗಳೆಂದೇ ಹೆಸರಾದವು. ಮಳೆ ಅವುಗಳ ಮೈಯನ್ನು ಕೊರೆದು ಕತ್ತಿಯಂಚಾಗಿಸಿದೆ, ಸಂದುಗಳನ್ನು ಗುಹೆಯಾಗಿಸಿದೆ. ಆದರೆ ಅಲ್ಲಿ ಬುಡದವರೆಗೂ ದಟ್ಟ ಕಾಡಿನ ನೆರಳು, ಬಯಲ ಹೂಗಳಿಗೆ ಎಡೆಯಿಲ್ಲ. ಬಯಲಿನ ಸುಣ್ಣಕಲ್ಲು ಬೇಕಾದವರು ಶಹಾಬಾದ್, ವಾಡಿ, ಮಳಖೇಡದ ಕಡೆಗೇ ಹೋಗಬೇಕು.

ಚಿರೆಕಲ್ಲಿನ ಕಥೆ ಇದಕ್ಕೆ ತಿರುವುಮುರುವು. ಲಕ್ಷಾಂತರ ವರ್ಷಗಳ ಬಿಸಿಲು ಮಳೆಗೆ ಮೂಲ ಬಂಡೆಯೊಳಗಿನ ಸುಣ್ಣದ ಅಂಶ, ಪೊಟ್ಯಾಶ್, ಬಹುಪಾಲು ಸಿಲಿಕ ಎಲ್ಲ ತೊಳೆದು ಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಹಟ ಹಿಡಿದು ಉಳಿದಾಗ ಆಗುವ ಕಲ್ಲಿದು. 1800ರ ಕೊನೆಯಲ್ಲಿ ಮಲಬಾರಿನ ಅಂಗಾಡಿಪುರಂನಲ್ಲಿ ಇದನ್ನು ಕಂಡು ವಿಜ್ಞಾನಕ್ಕೆ ಲ್ಯಾಟರೈಟ್ ಎಂದು ಪರಿಚಯಿಸಿದ ಫ್ರಾನ್ಸಿಸ್ ಬುಕಾನನ್ 1801ರ ಮೊದಲ ತಿಂಗಳುಗಳಲ್ಲಿ ಭಟ್ಕಳ, ಹೊನ್ನಾವರ, ಗೋಕರ್ಣದ ದಾರಿಯಲ್ಲೇ ಸಾಗಿಹೋದ. ಅವನು ಬಂದದ್ದು ಬೇಸಿಗೆಯ ಹೊಸ್ತಿಲಲ್ಲಿ, ಹೂವೆಲ್ಲ ಒಣಗಿ ಧೂಳಾದ ಮೇಲೆ. ಅಗೆದ ಹೊಸತರಲ್ಲಿ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನ ಗುಣವನ್ನು ಅವನು ವಿವರವಾಗಿ ಬರೆದ. ಅಂಗಾಡಿಪುರಂನಲ್ಲಿ ಇಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1979ರಲ್ಲಿ ನಿಲ್ಲಿಸಿದ ಸ್ಮಾರಕ ಫಲಕವಿದೆ.

ಸುಣ್ಣ ತೊಳೆದುಹೋದ, ಹುಳಿಯಾದ, ಸಾರಜನಕ ಕಡಿಮೆಯಿರುವ, ಇದ್ದ ರಂಜಕವನ್ನೂ ಕಬ್ಬಿಣ ಬಿಗಿಹಿಡಿದು ಬಿಡದ ನೆಲದಲ್ಲಿ ಬದುಕಬೇಕಾದರೆ ಗಿಡ ಏನು ಮಾಡಬೇಕು? ಆಳಕ್ಕೆ ಬೇರಿಳಿಸಲು ಬಂಡೆ ಬಿಡುವುದಿಲ್ಲ. ದೊಡ್ಡದಾಗಿ ಬೆಳೆಯಲು ಹೊತ್ತಿಲ್ಲ. ಹಾಗಾಗಿ ಚಿಕ್ಕದಾಗಿ ಇರುವುದು, ಬೇಗ ಮುಗಿಸುವುದು, ಬೀಜವಾಗಿ ಬೇಸಿಗೆ ಕಳೆಯುವುದು. ಇನ್ನೂ ಕೆಲವು ಹುಳ ಹಿಡಿದು ತಿನ್ನುತ್ತವೆ.

ಸೆಪ್ಟೆಂಬರಿನಲ್ಲಿ ಮಾವಳ್ಳಿ ಸುತ್ತಿನ ಅರೆಯ ಮೇಲೆ ನೀಲಿ ಚಾಪೆ ಹಾಸಿದ್ದು ಕಂಡರೆ ಅದು ಯುಟ್ರಿಕುಲೇರಿಯಾ ಎಂದು ನೂರಕ್ಕೆ ತೊಂಬತ್ತು ಪಾಲು ಹೇಳಬಹುದು. ಮರಾಠಿಯಲ್ಲಿ ಇದಕ್ಕೆ ಸೀತೆಯ ಕಣ್ಣೀರೆಂಬ ಹೆಸರು. ಕೇರಳದಲ್ಲಿ ಓಣಂ ರಂಗೋಲಿಗೆ ಬೇಕೇಬೇಕಾದ ಕಾಕ್ಕಪ್ಪೂ ಇದೇ. ಒಂದು ಗಿಡವನ್ನು ಮಣ್ಣಿನ ಹೆಂಟೆ ಸಮೇತ ಬಟ್ಟಲು ನೀರಿಗೆ ಹಾಕಿ ಮೆಲ್ಲಗೆ ಅಲುಗಿಸಿ ನೋಡಿ. ಮಣ್ಣು ಕರಗಿದಂತೆ ದಾರದಂಥ ಬಿಳಿ ಕುಡಿಗಳು ಕಾಣುತ್ತವೆ, ಅವಕ್ಕೆ ಅಲ್ಲಲ್ಲಿ ಅಂಟಿಕೊಂಡ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ಇದಕ್ಕೆ ನಿಜವಾದ ಬೇರೇ ಇಲ್ಲ. ಪ್ರತಿ ಗುಳ್ಳೆಗೂ ಒಂದು ಬಾಗಿಲಿದೆ. ಗುಳ್ಳೆ ಒಳಗಿನ ನೀರನ್ನು ಹೊರಹಾಕಿ ಕೆನ್ನೆ ಎಳೆದುಕೊಂಡು ಕಾಯುತ್ತದೆ. ಬಾಗಿಲ ಬಳಿಯ ಕೂದಲಿಗೆ ಕಣ್ಣಿಗೆ ಕಾಣದ ಜೀವಿಯೊಂದು ತಾಗಿದರೆ ಸಾಕು, ಬಾಗಿಲು ಒಳಕ್ಕೆ ಮಗುಚಿ ನೀರಿನ ಜೊತೆ ಜೀವಿಯೂ ಒಳಗೆ. ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಈ ಕೆಲಸ ಮುಗಿಯುವುದನ್ನು ಅತಿವೇಗದ ಕ್ಯಾಮೆರಾಗಳು ಹಿಡಿದಿವೆ. 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಪುಸ್ತಕವನ್ನೇ ಬರೆದ ಡಾರ್ವಿನ್ ಕೂಡ ಹುಳವೇ ತಲೆಯಿಂದ ಬಾಗಿಲು ನೂಕಿಕೊಂಡು ಒಳಹೋಗುತ್ತದೆ ಎಂದು ಭಾವಿಸಿದ್ದ. ಅಷ್ಟು ಚುರುಕು ಈ ಗುಳ್ಳೆ.

ಇನ್ನು ಯುಟ್ರಿಕುಲೇರಿಯಾ ಎಂದರೆ ಯಾವುದು? ಒಂದೇ ಅರೆಯ ಮೇಲೆ ಅದರ ಎರಡು ಮೂರು ಪ್ರಭೇದಗಳು ಇರುವುದು ಸಾಮಾನ್ಯ. ಬಣ್ಣ ನಂಬಬೇಡಿ, ಒಂದೇ ಪ್ರಭೇದ ಬಿಸಿಲಿದ್ದಲ್ಲಿ ಗಾಢ, ಮೋಡದ ದಿನಗಳಲ್ಲಿ ಪೇಲವ. ಹೂವಿನ ದಂಟು ಪಕ್ಕದ ಹುಲ್ಲಿಗೆ ಸುತ್ತಿಕೊಂಡಿದೆಯೇ ನೋಡಿ. ಸುತ್ತಿಕೊಂಡು ಮೇಲೇರಿದ್ದು, ಹೂ ದೊಡ್ಡದು, ಎಸಳಿನ ನಡುವೆ ಬಲೆಯಂಥ ಗೆರೆಗಳಿದ್ದರೆ ಅದು ಯುಟ್ರಿಕುಲೇರಿಯಾ ರೆಟಿಕ್ಯುಲೇಟಾ, ಗದ್ದೆಯಂಚಿನಲ್ಲೂ ಬರುತ್ತದೆ. ನೀರು ಒಸರುವ ನಿಲುವು ಬಂಡೆಗೆ ಪಾಚಿಯ ಜೊತೆ ಅಂಟಿಕೊಂಡ ತಿಳಿ ನಸುಗೆಂಪಿನ ಮರಿ ಹೂವು ಯುಟ್ರಿಕುಲೇರಿಯಾ ಸ್ಟ್ರಿಯಾಟುಲಾ. ಕೆರೆಯ ನೀರಲ್ಲಿ ತೇಲುತ್ತ ಹಳದಿ ಹೂ ಎತ್ತಿದ್ದು ಯುಟ್ರಿಕುಲೇರಿಯಾ ಆರಿಯಾ. ಹೂವನ್ನು ಪಕ್ಕದಿಂದ ನೋಡುವುದನ್ನು ಮರೆಯಬಾರದು. ಕೆಳದುಟಿಯ ಹಿಂದೆ ಇಳಿಬಿದ್ದ ಕೊಂಬು ನೆಟ್ಟಗಿದೆಯೋ ಬಾಗಿದೆಯೋ, ಹೊರಗಿನ ಎರಡು ಪುಷ್ಪಪತ್ರಗಳು ಒಂದೇ ಅಳತೆಯವೋ ಅಲ್ಲವೋ ಎನ್ನುವುದರಲ್ಲಿ ಗುರುತು ಅಡಗಿರುತ್ತದೆ. ಮೇಲಿಂದ ತೆಗೆದ ಚೆಂದದ ಫೋಟೋ ಇದಾವುದನ್ನೂ ಹೇಳುವುದಿಲ್ಲ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಪೀಟರ್ ಟೇಲರ್ ಈ ಒಂದೇ ಕುಲಕ್ಕೆ ಬದುಕಿನ ಬಹುಭಾಗ ಕೊಟ್ಟು 1989ರಲ್ಲಿ ಮಹಾಗ್ರಂಥ ಹೊರತಂದ. ಅವನು ಹೆಸರಿಟ್ಟ ಯುಟ್ರಿಕುಲೇರಿಯಾ ಸೆಸಿಲಿ ನಮ್ಮ ಕರ್ನಾಟಕದ ಸಸ್ಯತಜ್ಞ ಫಾದರ್ ಸೆಸಿಲ್ ಸಲ್ಡಾನಾ ಅವರ ಹೆಸರಿನದು.

ಯುಟ್ರಿಕುಲೇರಿಯಾದ ನಡುನಡುವೆ ಸಣ್ಣ ಬಿಳಿ ಚೆಂಡುಗಳನ್ನು ಕಡ್ಡಿಗೆ ಸಿಕ್ಕಿಸಿಟ್ಟಂತೆ ನಿಂತಿರುವುದು ಎರಿಯೋಕಾಲಾನ್. ಇದು ಪರೀಕ್ಷೆ ಮಾಡುವ ಗಿಡ. ಒಂದು ಚೆಂಡೆಂದರೆ ಒಂದು ಹೂವಲ್ಲ, ಹತ್ತಾರು ಗಂಡು ಹೆಣ್ಣು ಹೂಗಳ ಒಕ್ಕೂಟ. ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರವಿಲ್ಲದೆ ಹತ್ತಿರ ಹೋಗುವುದೇ ವ್ಯರ್ಥ. ಮಸೂರದಲ್ಲಿ ಕಾಣುವ ಪುಟ್ಟ ಕಪ್ಪು ಚುಕ್ಕೆಗಳು ಪರಾಗಕೋಶಗಳು. ಕೆಲವು ಪ್ರಭೇದದಲ್ಲಿ ಅವು ಬೆಳ್ಳಗಿರುತ್ತವೆ, ಅದೇ ದೊಡ್ಡ ಸುಳಿವು. ಚೆಂಡಿನ ಬುಡದಿಂದ ಒಣಹುಲ್ಲಿನ ಬಣ್ಣದ ಚೂಪು ಪತ್ರಗಳು ಸುತ್ತಲೂ ಚಾಚಿ ನಕ್ಷತ್ರದ ಆಕಾರ ಬಂದಿದ್ದರೆ ಅದು ಎರಿಯೋಕಾಲಾನ್ ಝೆರಾಂಥಿಮಮ್, ತೆಳು ಮಣ್ಣಿನ ಅರೆಗಳಲ್ಲಿ ಸಿಗುವಂಥದ್ದು. ಮಿಕ್ಕವನ್ನು ಬೇರ್ಪಡಿಸಲು ಬೀಜದ ಮೈಮೇಲಿನ ಚಿತ್ತಾರದವರೆಗೂ ಹೋಗಬೇಕಾಗುತ್ತದೆ. ಅಷ್ಟು ದೂರ ಹೋಗಲಾಗದಿದ್ದರೆ ಎರಿಯೋಕಾಲಾನ್ ಎಂದಷ್ಟೇ ಬರೆದಿಡುವುದು ಪ್ರಾಮಾಣಿಕ ಕೆಲಸ. ಮದ್ರಾಸಿನ ಪಿ.ಎಫ್. ಫೈಸನ್ ನೂರು ವರ್ಷಗಳ ಹಿಂದೆಯೇ ಭಾರತದ ಎರಿಯೋಕಾಲಾನ್‌ಗಳನ್ನು ಕೂಲಂಕಷವಾಗಿ ವಿಂಗಡಿಸಿದ. ಎರಿಯೋಕಾಲಾನ್ ಸೆಜ್‌ವಿಕಿ ಎಂಬ ಹೆಸರಿನಲ್ಲಿರುವುದು ಎಲ್.ಜೆ. ಸೆಜ್‌ವಿಕ್. ಕಾರವಾರದಲ್ಲಿ ನೆಲೆಸಿದ್ದ ಅರಣ್ಯಾಧಿಕಾರಿ ಟಿ.ಆರ್. ಬೆಲ್ ಜೊತೆ ಸೇರಿ ನಮ್ಮ ಜಿಲ್ಲೆಯ ಗಿಡಗಳನ್ನು ಸಂಗ್ರಹಿಸಿದವನು.

ನೀರನ್ನು ಓದುವುದೆಂದರೆ ಏನೆಂದು ಅರೆಯ ಮೇಲೆ ನಡೆಯುತ್ತಲೇ ತಿಳಿಯುತ್ತದೆ. ನೆತ್ತಿಯ ಒಣ ಕಲ್ಲಿನ ಮೇಲೆ ಕಪ್ಪು ಪರೆ ಇರುತ್ತದಲ್ಲ, ಅದು ಬಹುಮಟ್ಟಿಗೆ ನೀಲಿಹಸಿರು ಪಾಚಿ. ಬೇಸಿಗೆಯಲ್ಲಿ ಸತ್ತಂತಿದ್ದು ಮಳೆ ತಾಗಿದೊಡನೆ ಮತ್ತೆ ಜೀವ ಹಿಡಿಯುತ್ತದೆ, ಗಾಳಿಯ ಸಾರಜನಕವನ್ನು ಹಿಡಿದು ಕಲ್ಲಿಗೆ ಕೊಡುವುದೂ ಇದೇ. ಕಲ್ಲಿನ ಬಿರುಕಲ್ಲಿ ಟ್ರೈಪೋಗಾನ್ ಎಂಬ ಹುಲ್ಲು. ಎಲೆ ಪೂರ್ತಿ ಒಣಗಿ ಸುರುಳಿಯಾದ ಮೇಲೂ ಸಾಯದೆ, ನೀರು ಸಿಕ್ಕರೆ ಅದೇ ಎಲೆ ಹಸಿರಾಗುವ ಜಾತಿ. ತುಸು ಮಣ್ಣು ಸೇರಿದ ಕಡೆ, ಮೊದಲ ಮಳೆಗೇ ನೆಲತಾಳೆಯ ಹಳದಿ ನಕ್ಷತ್ರಗಳು. ಮಳೆ ನಿಂತರೂ ನೀರು ತೆಳ್ಳಗೆ ಜಿನುಗುತ್ತಲೇ ಇರುವ ಇಳಿಜಾರಿನಲ್ಲಿ ಯುಟ್ರಿಕುಲೇರಿಯಾ, ಎರಿಯೋಕಾಲಾನ್ ಮತ್ತು ಡ್ರೊಸೆರಾ. ಅದರಲ್ಲಿ ಡ್ರೊಸೆರಾ ಬರ್ಮಾನಿ ನೆಲಕ್ಕೆ ಒತ್ತಿಕೊಂಡ ಕೆಂಪು ಚಕ್ರ, ಡ್ರೊಸೆರಾ ಇಂಡಿಕಾ ನೆಟ್ಟಗೆ ನಿಂತು ದಾರದಂಥ ಎಲೆ ಚಾಚುವುದು. ಎರಡರ ಎಲೆಗೂ ಅಂಟು ಹನಿ ತುದಿಗಿಟ್ಟ ಕೂದಲು. ಬರ್ಮಾನಿಯ ಅಂಚಿನ ಕೂದಲು ಹುಳ ಕೂತ ಕೆಲವೇ ಸೆಕೆಂಡುಗಳಲ್ಲಿ ಬಾಗುವುದನ್ನು ಬರಿಗಣ್ಣಿನಲ್ಲೇ ನೋಡಬಹುದು. ನೀರು ಇನ್ನೂ ನಿಲ್ಲುವ ಕಡೆ ಮೂರು ರೆಕ್ಕೆಯ ನೀಲಿ ಕೊಳವೆ ಹಿಡಿದ ಬರ್ಮಾನಿಯಾ, ಹಳದಿಯ ಝೈರಿಸ್. ಮೊಣಕಾಲು ಮುಳುಗದ ಹೊಂಡಗಳಲ್ಲಿ ರೊಟಾಲಾ, ಬ್ಲೈಕ್ಸಾ, ಮತ್ತು ಈರುಳ್ಳಿ ಪೈರಿನ ಥರ ಕಾಣುವ ಆದರೆ ಎಂದೂ ಹೂ ಬಿಡದ ಐಸೊಯೀಟಿಸ್. ಈ ಹೊಂಡಗಳು ದೀಪಾವಳಿಯ ಹೊತ್ತಿಗೆ ಬತ್ತುತ್ತವೆ.

ಹತ್ತು ಹೆಜ್ಜೆಯೊಳಗೆ ಇಷ್ಟೆಲ್ಲ ನೆಲೆಗಳು. ಒಂದಂಗುಲ ನೀರಿನ ವ್ಯತ್ಯಾಸಕ್ಕೆ ಗಿಡ ಬದಲಾಗುತ್ತದೆ. ಅದನ್ನು ನೋಡಲು ಮೊಣಕಾಲೂರದೆ ಆಗದು. ಹಾಗೆ ಕೂತಿದ್ದಾಗ ದನ ಹೊಡೆದುಕೊಂಡು ಬಂದ ಅಜ್ಜಿಯೊಬ್ಬರು ನಿಂತು, ‘ಎಂತ ಕಳ್ಕಂಡ್ರಿ ಮಾರಾಯ್ರೆ?’ ಎಂದು ಕೇಳಿದರು. ಹೂ ನೋಡುತ್ತಿದ್ದೇನೆ ಎಂದೆ. ಅವರೂ ಬಗ್ಗಿ ನೋಡಿ, ಈ ನೀಲಿ ಬಂತೆಂದರೆ ಚೌತಿ ಹತ್ತಿರ ಬಂತು, ಇದರ ಮೇಲೆ ತುಡುವೆ ಕೂರುವುದು ಬೆಳಗಿನ ಹೊತ್ತು ಮಾತ್ರ ಎಂದರು. ಹೆಸರು ಗೊತ್ತಿಲ್ಲದಿದ್ದರೂ ತಿಂಗಳು, ಹೊತ್ತು, ಜೇನು ಎಲ್ಲ ಅವರ ಲೆಕ್ಕದಲ್ಲಿತ್ತು. ಜಡಿಮಳೆಯ ತಿಂಗಳುಗಳಲ್ಲಿ ಕಾಡಿನ ಮರಗಳಲ್ಲಿ ಹೂವು ವಿರಳ. ಆ ಬರಗಾಲದಲ್ಲಿ ತುಡುವೆ ಜೇನಿಗೆ ಈ ಬಯಲಿನ ಪುಟ್ಟ ಹೂಗಳೇ ಆಸರೆ. ತೋಟದವರು ಜೇನುಪೆಟ್ಟಿಗೆ ಇಟ್ಟುಕೊಂಡು ಚಿರೆಕಲ್ಲಿನ ದಿಬ್ಬವನ್ನು ದಂಡದ ಜಾಗ ಎನ್ನುವುದು ನನಗೆ ಬಹಳ ನೋವಿನ ಸಂಗತಿ.

ಮಹಾರಾಷ್ಟ್ರದ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಯಲ್ಲೂ ಇವೇ ಕುಲದ ಹೂಗಳು. 2012ರಲ್ಲಿ ಪಶ್ಚಿಮ ಘಟ್ಟಗಳಿಗೆ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ಕೊಟ್ಟಾಗ ಕಾಸ್ ಆ ಪಟ್ಟಿಯಲ್ಲಿತ್ತು. ಈಗ ಅಲ್ಲಿಗೆ ಟಿಕೆಟ್ಟು, ಕಾವಲು. ಕಡಲಿನ ಮಟ್ಟಕ್ಕೆ ಹತ್ತಿರದ ನಮ್ಮ ಅರೆಗಳಿಗೆ ಅಂಥ ಭಾಗ್ಯವಿಲ್ಲ. ನಮ್ಮಲ್ಲಿ ಕೆಲಸ ಮಾಡಿದವರಿಲ್ಲವೆಂದಲ್ಲ. ಕುಮಟೆಯ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಎಂ.ಡಿ. ಸುಭಾಷ್‌ಚಂದ್ರನ್ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ಜೊತೆ ಉತ್ತರ ಕನ್ನಡದ ಕಾಡು, ಅಳಿವೆ, ಬಯಲುಗಳನ್ನು ದಶಕಗಳ ಕಾಲ ಅಳೆದು ಬರೆದಿದ್ದಾರೆ. ದಕ್ಷಿಣಕ್ಕೆ ಉಡುಪಿಯ ಕೆ. ಗೋಪಾಲಕೃಷ್ಣ ಭಟ್ಟರು 2003ರಲ್ಲಿ ತಂದ ಉಡುಪಿಯ ಸಸ್ಯಸಂಪತ್ತಿನ ಗ್ರಂಥ ಭಟ್ಕಳದವರಿಗೂ ನಿತ್ಯ ಬಳಕೆಗೆ ಬರುತ್ತದೆ, ಕಲ್ಲೂ ಅದೇ ಮಳೆಯೂ ಅದೇ ಆದ್ದರಿಂದ. ಇನ್ನೂ ದಕ್ಷಿಣದ ಕಣ್ಣೂರು, ಕಾಸರಗೋಡು ಕಡೆಯ ಇಂಥದೇ ಅರೆಗಳಲ್ಲಿ 1990ರಿಂದೀಚೆಗೆ ವಿಜ್ಞಾನಕ್ಕೇ ಹೊಸದಾದ ಹಲವು ಗಿಡಗಳು ಸಿಕ್ಕಿವೆ. ಅಲ್ಲಿನ ಮಾಡಾಯಿಪ್ಪಾರ ಎಂಬ ಅರೆಯ ಹೆಸರನ್ನೇ ಹೊತ್ತ ಎರಿಯೋಕಾಲಾನ್ ಒಂದಿದೆ. ನಮ್ಮ ದಿಬ್ಬಗಳನ್ನೂ ಅಷ್ಟೇ ತಾಳ್ಮೆಯಿಂದ ಹುಡುಕಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೆ?

ನಮ್ಮೂರಿನ ಮನೆ, ಬಾವಿಕಟ್ಟೆ, ಪಾಗಾರ ಎಲ್ಲವೂ ಚಿರೆಕಲ್ಲಿನದೇ. ಕಲ್ಲು ತೆಗೆಯಲೇಬಾರದೆಂದು ನಾನು ಹೇಳಲಾರೆ. ಕೈಯಲ್ಲಿ ಕಡಿಯುತ್ತಿದ್ದ ಕಾಲದಲ್ಲಿ ಒಂದು ಮೂಲೆಯಲ್ಲಿ ಗುಂಡಿ ಬೀಳುತ್ತಿತ್ತು, ಉಳಿದದ್ದು ಉಳಿಯುತ್ತಿತ್ತು. ಈಗ ಯಂತ್ರದ ಗರಗಸ ಬಂದಿದೆ. ಕಲ್ಲು ಕೊಯ್ಯುವ ಮೊದಲು ಜೆಸಿಬಿಯಿಂದ ಮೇಲಿನ ಪರೆಯನ್ನು ಪೂರ್ತಿ ಕೆರೆದು ಹಾಕುತ್ತಾರೆ, ಕಲ್ಲಿಗೆ ಬೆಲೆ ಇರುವುದು ಅದರ ಕೆಳಗೆ. ಹೂವಿಗೆ ಬೆಲೆ ಇರುವುದು ಆ ಪರೆಯಲ್ಲೇ. ಮುಂದಿನ ವರ್ಷದ ಬೀಜವೆಲ್ಲ ಅಲ್ಲಿನ ಚಿಟಿಕೆ ಮಣ್ಣಿನಲ್ಲಿ, ಸಣ್ಣ ಗುಳಿಗಳಲ್ಲಿ ಕೂತಿರುತ್ತದೆ. ಕ್ವಾರಿಯಾದ ಮೇಲೆ ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಆದರೆ ಆಳವಾಗಿ. ಜಿನುಗುವ ತೆಳ್ಳನೆ ನೀರು ತಿರುಗಿ ಬರುವುದಿಲ್ಲ. ಇನ್ನೊಂದು ಸಂಕಟ ಹಸಿರು ಮಾಡುವ ಉತ್ಸಾಹದ್ದು. ಬೋಳು ಕಂಡಲ್ಲೆಲ್ಲ ಅಕೇಶಿಯಾ ನೆಟ್ಟದ್ದರಿಂದ ಕರಾವಳಿಯ ಅದೆಷ್ಟೋ ಬೇಣಗಳು ನೆರಳಾದವು, ಕೊಳೆಯಲು ನಿಧಾನಿಸುವ ಎಲೆಯ ಹಾಸಿನಡಿ ಮುಚ್ಚಿಹೋದವು. ಪೂರ್ತಿ ಬಿಸಿಲು ಬೇಡುವ ಯುಟ್ರಿಕುಲೇರಿಯಾಕ್ಕೆ ಮರ ನೆಡುವುದೂ ಒಂದೇ, ಕಲ್ಲು ಕೊಯ್ಯುವುದೂ ಒಂದೇ.

ಇದಕ್ಕೆ ಹೊಸ ಕಾನೂನು ಬರಲೆಂದು ಕಾಯಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆದಿಡಬೇಕು. ಇಂಥ ದಾಖಲಾತಿಗಳಲ್ಲಿ ಮಾವು, ಹಲಸು, ಔಷಧದ ಬೇರುಗಳಿಗೆ ಸುಲಭವಾಗಿ ಜಾಗ ಸಿಗುತ್ತದೆ. ಚಿರೆಕಲ್ಲಿನ ಅರೆಗೂ ಒಂದು ಪುಟ ಬೇಕು. ಸುತ್ತಲಿನ ಶಾಲೆ, ಕಾಲೇಜಿನ ಮಕ್ಕಳನ್ನು ಜೂನ್ ಕೊನೆಗೆ ಒಮ್ಮೆ, ಚೌತಿಯ ಆಸುಪಾಸು ಒಮ್ಮೆ, ನೀರು ಇಂಗುವ ಅಕ್ಟೋಬರಿನಲ್ಲಿ ಒಮ್ಮೆ ಅದೇ ಅರೆಗೆ ಕರೆದೊಯ್ದರೆ ಆ ಪುಟ ತುಂಬುತ್ತದೆ. ಗಿಡ ಕೀಳುವುದು ಬೇಡ. ಒಂದು ಮಸೂರ, ಒಂದು ಅಳತೆಪಟ್ಟಿ, ಮೊಬೈಲು ಸಾಕು. ಫೋಟೋ ಮೂರು ತೆಗೆಯಬೇಕು. ಮೇಲಿಂದ ಒಂದು, ಪಕ್ಕದಿಂದ ಒಂದು, ಹಿಂದೆ ಸರಿದು ಗಿಡ ನಿಂತ ನೆಲವೆಲ್ಲ ಕಾಣುವಂತೆ ಒಂದು. ಪಕ್ಕದಲ್ಲಿ ಸರ್ವೆ ನಂಬರು, ತಾರೀಖು, ಅರೆಯ ಯಾವ ಮಗ್ಗುಲು, ಮಣ್ಣು ಎಷ್ಟು ಬೆರಳು, ನೀರು ನಿಂತದ್ದೋ ಜಿನುಗುವುದೋ ಎಂದು ಬರೆದಿರಬೇಕು. ಹೆಸರಿನ ಕಲಂ ಖಾಲಿ ಬಿಟ್ಟರೂ ನಡೆಯುತ್ತದೆ, ಈ ವಿವರಗಳಿದ್ದರೆ ತಿಳಿದವರು ಮುಂದೆ ಯಾವಾಗಲಾದರೂ ತುಂಬಿಯಾರು. ಕ್ವಾರಿಗೆ ಅರ್ಜಿ ಬಂದ ದಿನ ಪಂಚಾಯಿತಿಯ ಮೇಜಿನ ಮೇಲೆ ಇಡಲು ಆ ಪುಟ ಸಿದ್ಧವಿರಬೇಕು.